ಬೆನ್ನುನೋವು ಮೊದಲು ಯಾರ ಬಾಗಿಲಿಗೆ?

"ಮೈಕೈ ಉಜ್ಜೋದಕ್ಕೂ ಡಾಕ್ಟರೇಟ್ ಬೇಕಾ?" ಮಗಳನ್ನು ಅಮೆರಿಕದಲ್ಲಿ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಓದಿಸಬೇಕೆಂದಿರುವ ಪರಿಚಿತರೊಬ್ಬರಿಗೆ ನೆಂಟರು ಕೇಳಿದ ಪ್ರಶ್ನೆ ಇದು. ಫಿಸಿಕಲ್ ಥೆರಪಿಯನ್ನು ಮಾಲೀಶು ಎಂದುಕೊಂಡವರು ಪಾರ್ಶ್ವವಾಯು ಬಡಿದವರಿಗೆ ಮತ್ತೆ ಹೆಜ್ಜೆ ಇಡಲು ಕಲಿಸುವುದನ್ನು ಒಂದು ಬೆಳಗ್ಗೆ ಕೂತು ನೋಡಲಿ.

ಡಾಕ್ಟರೇಟ್ ಬೇಕು ಎಂದೇ ನನ್ನ ನಂಬಿಕೆ. ಮೊದಲ ಮಹಾಯುದ್ಧದ ಗಾಯಾಳುಗಳ ಆರೈಕೆಗೆ ನಿಂತ ಹೆಣ್ಣುಮಕ್ಕಳಿಂದ ಅಮೆರಿಕದಲ್ಲಿ ಈ ವೃತ್ತಿ ಬೆಳೆಯಿತು. ಬಹುಕಾಲ ವೈದ್ಯರು ಬರೆದುಕೊಟ್ಟದ್ದನ್ನು ಮಾಡುವುದೇ ಅವರ ಕೆಲಸವಾಗಿತ್ತು. 1957ರಲ್ಲಿ ನೆಬ್ರಾಸ್ಕ ರಾಜ್ಯ ವೈದ್ಯರ ಚೀಟಿಯಿಲ್ಲದೆ ನೇರವಾಗಿ ಥೆರಪಿಸ್ಟರ ಬಳಿ ಹೋಗುವ ದಾರಿ ತೆರೆಯಿತು. 2015ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ, ಷರತ್ತುಗಳು ಬೇರೆ ಬೇರೆಯಾದರೂ, ಆ ದಾರಿ ತೆರೆದಿತ್ತು. ಅದೇ ನೆಬ್ರಾಸ್ಕದ ಕ್ರೈಟನ್ ವಿಶ್ವವಿದ್ಯಾಲಯ 1993ರಲ್ಲಿ ವೃತ್ತಿಗೆ ಪ್ರವೇಶ ಕೊಡುವ ಮೊದಲ ಡಿಪಿಟಿ ತರಗತಿ ಆರಂಭಿಸಿತು. 2016ರಿಂದ ಮಾನ್ಯತೆ ಬೇಕಾದ ಎಲ್ಲ ಕಾಲೇಜುಗಳೂ ಡಾಕ್ಟರೇಟನ್ನೇ ಕೊಡಬೇಕು.

ನೇರವಾಗಿ ಬಂದ ರೋಗಿಯ ಭಾರ ಎಷ್ಟೆಂದು ಯೋಚಿಸಿ. ಸೊಂಟ ಹಿಡಿದುಕೊಂಡು ಬಂದವರಲ್ಲಿ ಹೆಚ್ಚಿನವರ ನೋವು ವ್ಯಾಯಾಮದಿಂದ, ದಿನ ಕಳೆದಂತೆ ವಾಸಿಯಾಗುತ್ತದೆ. ಆದರೆ ಅವರ ನಡುವೆ ಒಬ್ಬರು, ಕೂರುವ ಜಾಗ ಜೋಮು ಹಿಡಿದಿದೆ, ಮೂತ್ರ ಬಂದದ್ದೇ ಗೊತ್ತಾಗುತ್ತಿಲ್ಲ ಎನ್ನುತ್ತಾರೆ. ನಾಚಿಕೆಯಿಂದ ಹೇಳದೆಯೂ ಇರಬಹುದು, ಕೇಳಿಯೇ ತಿಳಿಯಬೇಕು. ಬೆನ್ನುಮೂಳೆಯ ಕೊನೆಯ ನರಗುಚ್ಛ ಒತ್ತಿಹೋಗಿರುವ ಲಕ್ಷಣವದು. ತಡವಿಲ್ಲದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಆ ಊನ ಬದುಕಿಡೀ ಉಳಿಯಬಹುದು. ಇನ್ನೊಬ್ಬರಿಗೆ ಹಿಂದೆ ಕ್ಯಾನ್ಸರ್ ಆಗಿತ್ತು. ಈಗ ಮಲಗಿದರೂ ನೋವು ಇಳಿಯುತ್ತಿಲ್ಲ, ತೂಕ ಇಳಿಯುತ್ತಿದೆ. ಇವರಿಬ್ಬರಿಗೂ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಅಪರಾಧ. ಯಾರನ್ನು ಮುಟ್ಟಬಾರದು, ಯಾರನ್ನು ಈಗಲೇ ಆಸ್ಪತ್ರೆಗೆ ಕಳಿಸಬೇಕು ಎಂಬ ವಿವೇಚನೆ ಕೈಚಳಕದಿಂದ ಬರುವುದಿಲ್ಲ. ಅಂಗರಚನೆ, ರೋಗಶಾಸ್ತ್ರ, ಔಷಧಿಗಳ ಪರಿಣಾಮ, ಎಕ್ಸ್‌ರೇ ಓದುವ ತಿಳಿವಳಿಕೆ, ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ಕಳೆದ ತಿಂಗಳುಗಳು ಇವೆಲ್ಲ ಬೇಕು. ಡಿಪಿಟಿಗೆ ಸಾಮಾನ್ಯವಾಗಿ ಮೂರು ವರ್ಷ ಹಿಡಿಯುವುದು ಇದಕ್ಕೇ.

ಈ ಓದಿಗೆ ಮಾಡುವ ಸಾಲದ ಮಾತು ಬೇರೆ. ಅದನ್ನೆತ್ತುವವರ ಮುಂದೆ ನಾನು ತಲೆಬಾಗುತ್ತೇನೆ. ಪದವಿಯ ಮೇಲೆ ಮೂರು ವರ್ಷದ ಶುಲ್ಕ ಹೊತ್ತವರಿಗೆ ವೈದ್ಯರ ಸಂಬಳವೇನೂ ಸಿಗದು. ಅಮೆರಿಕದ 2025ರ ಕಾನೂನೊಂದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೆ ಮಿತಿ ಹಾಕಿತು. ವೈದ್ಯಕೀಯದಂಥ ವೃತ್ತಿಪರ ಪಟ್ಟಿಯ ಓದಿಗೆ ವರ್ಷಕ್ಕೆ 50,000 ಡಾಲರ್. ಡಿಪಿಟಿಯನ್ನು ಆ ಪಟ್ಟಿಯಿಂದ ಹೊರಗಿಟ್ಟು 20,500 ಡಾಲರಿಗೆ ನಿಲ್ಲಿಸುವ ಪ್ರಸ್ತಾಪ ಬಂತು. ಡಾಕ್ಟರೇಟ್ ಕಡ್ಡಾಯ ಮಾಡಿ, ಅದನ್ನು ಓದುವವರ ಕೈ ಕಟ್ಟುವುದು ಅನ್ಯಾಯ. ಬಡವರ ಮನೆಯ ಮಕ್ಕಳು ಈ ವೃತ್ತಿಯಿಂದ ದೂರವಾಗುತ್ತಾರೆ. ಇದಕ್ಕೆ ಪರಿಹಾರ ಶುಲ್ಕ ಇಳಿಸುವುದು, ಓದು ಇಳಿಸುವುದಲ್ಲ.

ಡಿಪಿಟಿಗೆ ಸೇರಬಯಸುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಅಂಗರಚನೆಯ ಅಂಕಗಳಿಗೆ ಕೊಡುವ ಗಮನವನ್ನು ಕ್ಲಿನಿಕ್ಕಿನಲ್ಲಿ ಕೂತು ನೋಡುವ ಗಂಟೆಗಳಿಗೆ ಕೊಡುವುದಿಲ್ಲ. ಹಲವು ಕಾಲೇಜುಗಳು ಅದನ್ನು ಕೇಳುತ್ತವೆ. ಕೇಳದಿದ್ದರೂ ಹೋಗಬೇಕು. ಮೊಣಕಾಲು ಮಡಚಲಾಗದ ಮುದುಕಿಯೊಂದಿಗೆ ವಾರಗಟ್ಟಲೆ ಒಂದೇ ಚಲನೆ ಮಾಡಿಸುವ ತಾಳ್ಮೆ ತನಗಿದೆಯೇ ಎಂದು ಅಲ್ಲೇ ತಿಳಿಯುವುದು.

ನಮ್ಮಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಅಮೆರಿಕಕ್ಕೆ ಹೊರಟವರಿಗೆ ಒಂದು ಮಾತು. ಮತ್ತೆ ಮೊದಲಿನಿಂದ ಡಿಪಿಟಿಗೆ ಸೇರಿ ಸಾಲ ಮಾಡುವ ಮುನ್ನ ನಿಮ್ಮ ಪದವಿಯ ತೌಲನಿಕ ಮೌಲ್ಯಮಾಪನ ಮಾಡಿಸಿ. ಅದು ಒಪ್ಪಿಗೆಯಾದರೆ ರಾಷ್ಟ್ರೀಯ ಪರೀಕ್ಷೆ ಬರೆದು ಪರವಾನಗಿ ಪಡೆಯುವ ದಾರಿಯಿದೆ. ಹೋಗಬೇಕೆಂದಿರುವ ರಾಜ್ಯದ ನಿಯಮಗಳನ್ನು ಏಜೆಂಟರಿಂದ ಕೇಳಬೇಡಿ, ಅಲ್ಲಿನ ಪರವಾನಗಿ ಮಂಡಳಿಗೇ ಬರೆದು ಕೇಳಿ.