ಮಂಗಗಳ ಲೆಕ್ಕ ಬಚ್ಚಿಡಬೇಡಿ: ಐಸಿಎಂಆರ್ ಮಹಾನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ಮಹಾನಿರ್ದೇಶಕರೇ,

ಮನುಷ್ಯರ ಮೇಲೆ ಹೊಸ ಔಷಧವೊಂದನ್ನು ಪರೀಕ್ಷಿಸುವ ಮೊದಲು ಅದನ್ನು ಎಲ್ಲರಿಗೂ ಕಾಣುವಂತೆ ನೋಂದಾಯಿಸಬೇಕು ಎಂಬ ಶಿಸ್ತನ್ನು ಈ ದೇಶಕ್ಕೆ ಕಲಿಸಿದ್ದು ತಮ್ಮ ಮಂಡಳಿ. ಇದಕ್ಕಾಗಿ 2007ರಲ್ಲಿ ಶುರುವಾದ ಸಿಟಿಆರ್‌ಐ ನೋಂದಣಿ 2009ರ ಜೂನ್‌ನಿಂದ ಕಡ್ಡಾಯವಾಯಿತು. ಯಾವ ಆಸ್ಪತ್ರೆಯಲ್ಲಿ, ಎಷ್ಟು ಜನರ ಮೇಲೆ, ಏನನ್ನು ತಿಳಿಯಲು ಪ್ರಯೋಗ ನಡೆಯುತ್ತಿದೆ ಎಂಬುದನ್ನು ಇಂದು ಯಾರು ಬೇಕಾದರೂ ಕೂತಲ್ಲೇ ನೋಡಬಹುದು. ಮಂಗಗಳ ಮೇಲೆ ನಡೆಯುವ ಸಂಶೋಧನೆಗೂ ಇಂಥದ್ದೇ ನೋಂದಣಿಯೊಂದನ್ನು ತಾವು ತೆರೆಯಬೇಕು, ಅದು ಕಣ್ಣಿನ ಸಂಶೋಧನೆಯಿಂದ ಶುರುವಾಗಬೇಕು ಎಂದು ಕೇಳಲು ಈ ಪತ್ರ. ಕಣ್ಣಿನಿಂದಲೇ ಏಕೆ ಎಂದರೆ, ಮಂಗ ಬೇಕೇ ಬೇಕು ಎಂಬ ವಾದ ಅತ್ಯಂತ ಗಟ್ಟಿಯಾಗಿರುವುದು ಅಲ್ಲಿ. ಮಂಗವನ್ನು ನಂಬಿ ದಾರಿ ತಪ್ಪಿದ ಒಳ್ಳೆಯ ಉದಾಹರಣೆ ಸಿಗುವುದೂ ಅಲ್ಲೇ.

ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಎದುರಿಗಿರುವವರ ಗುರುತು ಹಿಡಿಯುವಾಗ ನಾವು ನೆಚ್ಚಿರುವುದು ರೆಟಿನಾದ ನಡುವಿನ ಒಂದು ಪುಟ್ಟ ಜಾಗವನ್ನು. ಮ್ಯಾಕ್ಯುಲ ಎನ್ನುವ ಆ ಜಾಗದ ಅಡ್ಡಳತೆ ಸುಮಾರು ಐದೂವರೆ ಮಿಲಿಮೀಟರ್. ಅದರ ನಡುವಿನ ತಗ್ಗಾದ ಫೋವಿಯಾ ಒಂದೂವರೆ ಮಿಲಿಮೀಟರ್. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಹಿಡಿಯುವ ಶಂಕುಕೋಶಗಳು ಅಲ್ಲಿ ಒತ್ತೊತ್ತಾಗಿ ತುಂಬಿಕೊಂಡಿವೆ. ನಟ್ಟನಡುವೆ ರಕ್ತನಾಳಗಳಿಲ್ಲ, ಬೆಳಕಿಗೆ ಅಡ್ಡ ಬರುವ ಮೇಲಿನ ಪದರಗಳೂ ಪಕ್ಕಕ್ಕೆ ಸರಿದುಕೊಂಡಿವೆ. ಸಸ್ತನಿಗಳಲ್ಲಿ ಈ ರಚನೆ ಇರುವುದು ಮನುಷ್ಯ, ವಾನರ, ಮಂಗಗಳ ಬಳಗಕ್ಕೆ ಮಾತ್ರ. ಇಲಿಗಿಲ್ಲ, ಮೊಲಕ್ಕಿಲ್ಲ, ಹಂದಿಗೂ ಇಲ್ಲ. ಹದ್ದಿಗೆ ಒಂದೊಂದು ಕಣ್ಣಲ್ಲಿ ಎರಡೆರಡು ಫೋವಿಯಾಗಳಿವೆ ನಿಜ, ಆದರೆ ಹದ್ದಿನ ರೆಟಿನಾದೊಳಗೆ ರಕ್ತನಾಳಗಳೇ ಇಲ್ಲ. ರಕ್ತನಾಳ ಕೆಟ್ಟು ಬರುವ ರೋಗಗಳನ್ನು ಅದರಲ್ಲಿ ಹುಡುಕಿ ಫಲವಿಲ್ಲ. ಪ್ರಯೋಗಾಲಯದ ಸುಂಡಿಲಿಯ ಕಣ್ಣು ಸುಮಾರು ಮೂರು ಮಿಲಿಮೀಟರ್ ಅಗಲದ್ದು, ಅದರ ಬೆಳಕುಗ್ರಾಹಿ ಕೋಶಗಳಲ್ಲಿ ಶಂಕುಗಳ ಪಾಲು ನೂರಕ್ಕೆ ಮೂರರಷ್ಟು. ರಾತ್ರಿ ಓಡಾಡುವ ಪ್ರಾಣಿಗೆ ಅಷ್ಟು ಸಾಕು. ವಯಸ್ಸಾದವರ ಮ್ಯಾಕ್ಯುಲ ಸವೆಯುವ ರೋಗವನ್ನು ಮ್ಯಾಕ್ಯುಲವೇ ಇಲ್ಲದ ಪ್ರಾಣಿಯಲ್ಲಿ ಪೂರ್ತಿಯಾಗಿ ಅರಿಯಲಾಗದು.

ಮಂಗಗಳ ಕಣ್ಣಿನ ಸಂಶೋಧನೆಯಿಂದ ಸಿಕ್ಕ ಫಲ ಸಣ್ಣದಲ್ಲ. ಹೊಸ ರಕ್ತನಾಳ ಬೆಳೆಯುವಂತೆ ಪ್ರಚೋದಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ನೆಪೋಲಿಯೋನ್ ಫೆರಾರಾ 1989ರಲ್ಲಿ ಬೇರ್ಪಡಿಸಿದ್ದರು. ರೋಗಗ್ರಸ್ತ ಕಣ್ಣಿನಲ್ಲಿ ಬೇಡದ ನಾಳಗಳನ್ನು ಬೆಳೆಸುವ ಕಿಡಿಗೇಡಿ ಇದೇ ಹೌದೇ ಎಂಬುದು ಆಗಿನ್ನೂ ಊಹೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯಲ್ಲಿ ಜೋನ್ ಮಿಲ್ಲರ್, ಆಂಥನಿ ಆಡಮಿಸ್ ಮತ್ತು ಸಂಗಡಿಗರು ಮಂಗಗಳ ರೆಟಿನಾದ ಸಿರೆಗಳನ್ನು ಲೇಸರ್‌ನಿಂದ ಮುಚ್ಚಿದರು. ರಕ್ತ ಸಿಗದ ರೆಟಿನಾದಲ್ಲಿ ವಿಇಜಿಎಫ್ ಏರಿತು, ಅದರ ಏರಿಳಿತಕ್ಕೆ ಸರಿಯಾಗಿ ಬೇಡದ ನಾಳಗಳು ಮೂಡಿದವು ಎಂದು 1994ರಲ್ಲಿ ಪ್ರಕಟಿಸಿದರು. ಅದನ್ನು ತಡೆದರೆ ನಾಳಗಳೂ ಮೂಡುವುದಿಲ್ಲ ಎಂದು 1996ರಲ್ಲಿ ತೋರಿಸಿದರು. ಹತ್ತು ವರ್ಷಗಳ ನಂತರ, 2006ರಲ್ಲಿ, ವಿಇಜಿಎಫ್ ತಡೆಯುವ ರಾನಿಬಿಜುಮ್ಯಾಬ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಅದುವರೆಗೆ ಮ್ಯಾಕ್ಯುಲ ಸವೆಯುವ ರೋಗದಲ್ಲಿ ದೃಷ್ಟಿ ಇಳಿಯುವುದನ್ನು ನಿಧಾನಿಸಿದರೆ ದೊಡ್ಡದು ಎನ್ನುತ್ತಿದ್ದ ವೈದ್ಯರು, ಪರೀಕ್ಷೆಗೊಳಗಾದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ದೃಷ್ಟಿಫಲಕದಲ್ಲಿ ಮೂರು ಸಾಲು ಹೆಚ್ಚು ಓದಿದ್ದನ್ನು ಕಂಡರು. ಭಾರತದಲ್ಲಿ 2015ರಲ್ಲೇ ಈ ಔಷಧದ ದೇಶಿ ಜೈವಿಕ ಪ್ರತಿರೂಪ ಮಾರುಕಟ್ಟೆಗೆ ಬಂತು. ತಮ್ಮ ಮಂಡಳಿಯ ಇಂಡಿಯಾಬ್ ಅಧ್ಯಯನದ ಪ್ರಕಾರ ಹತ್ತು ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿರುವ ನಾಡಿದು; ಅವರಲ್ಲಿ ರೆಟಿನಾ ಊದಿಕೊಂಡು ಬರುವವರ ಪಾಲಿಗೂ ಈ ಇಂಜೆಕ್ಷನ್‌ಗಳೇ ಆಸರೆ. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾದ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ರವಾನಿಸುವ ಕಿಡ್‌ರಾಪ್ ಯೋಜನೆ 2008ರಿಂದ ನಡೆಯುತ್ತಿದೆ. ಅಂಥ ಶಿಶುಗಳ ರೋಗದಲ್ಲೂ ಲೇಸರ್ ಜೊತೆಗೆ ವೈದ್ಯರ ಕೈಗೆ ಇಂದು ಇರುವ ಇನ್ನೊಂದು ಸಾಧನ ವಿಇಜಿಎಫ್ ತಡೆಯುವ ಇಂಜೆಕ್ಷನ್. ಆ ಮಂಗಗಳ ಋಣ ಹಾಗೆ ನಮ್ಮ ಹಳ್ಳಿಯ ತೊಟ್ಟಿಲುಗಳವರೆಗೂ ಬಂದಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗೆ. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ರೀಸಸ್ ಮಂಗಗಳ ಕಣ್ಣಿನೊಳಕ್ಕೆ ಎರಡು ಬಗೆಯ ಪ್ರತಿಕಾಯಗಳನ್ನು ಚುಚ್ಚಿ ನೋಡಿದ್ದರು: ಒಂದು ಇಡಿಯಾದದ್ದು, ಇನ್ನೊಂದು ಬೇರೊಂದು ಪ್ರತಿಕಾಯದ ತುಂಡು. ತುಂಡು ರೆಟಿನಾದ ಪದರಗಳನ್ನು ದಾಟಿ ಒಳಹೋಯಿತು, ಇಡಿಯಾದದ್ದು ಹೋಗಲಿಲ್ಲ ಎಂಬುದು ಅದರ ತೀರ್ಮಾನ. ಕಣ್ಣಿಗಾಗಿ ತುಂಡನ್ನೇ, ಅಂದರೆ ರಾನಿಬಿಜುಮ್ಯಾಬ್ ಅನ್ನೇ, ಬೇರೆಯಾಗಿ ತಯಾರಿಸುವುದಕ್ಕೆ ಇದು ಬಲ ಕೊಟ್ಟಿತು. ಆದರೆ 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಕರುಳಿನ ಕ್ಯಾನ್ಸರಿಗೆಂದು ಮಂಜೂರಾಗಿದ್ದ ಬೆವಾಸಿಜುಮ್ಯಾಬ್ ಎಂಬ ಇಡೀ ಪ್ರತಿಕಾಯವನ್ನೇ ರೋಗಿಯ ಕಣ್ಣಿಗೆ ಚುಚ್ಚಿದಾಗ ಊತ ಇಳಿಯಿತು. 2011ರಲ್ಲಿ ಅಮೆರಿಕ ಸರ್ಕಾರದ ಹಣದಲ್ಲೇ ನಡೆದ ಹೋಲಿಕೆಯ ಪರೀಕ್ಷೆಯಲ್ಲಿ ಎರಡೂ ಔಷಧಗಳು ದೃಷ್ಟಿಯ ಮಟ್ಟಿಗೆ ಸರಿಸಮ ಎಂದು ಗೊತ್ತಾಯಿತು. ಅಲ್ಲಿ ಆಗ ರಾನಿಬಿಜುಮ್ಯಾಬ್ ಬೆಲೆ ಡೋಸಿಗೆ ಸುಮಾರು 2,000 ಡಾಲರ್, ಬೆವಾಸಿಜುಮ್ಯಾಬ್‌ನದು 50 ಡಾಲರ್ ಆಸುಪಾಸು ಇತ್ತು. ಕ್ಯಾನ್ಸರ್ ಔಷಧದ ಒಂದೇ ಸೀಸೆಯಿಂದ ಸಣ್ಣ ಸಣ್ಣ ಡೋಸುಗಳನ್ನು ತೆಗೆದು ಹಲವು ಕಣ್ಣುಗಳಿಗೆ ಕೊಡುವ ಪದ್ಧತಿ ನಮ್ಮಲ್ಲಿ ಬಡವರ ಪಾಲಿಗೆ ಬಂದದ್ದು ಹೀಗೆ. ಮಂಗಗಳ ಕಣ್ಣಿನಲ್ಲಿ ಕಂಡದ್ದನ್ನೇ ಕೊನೆಯ ಮಾತು ಎಂದುಕೊಂಡಿದ್ದರೆ ಆ ಅಗ್ಗದ ಔಷಧವನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ 1999ರ ಅಧ್ಯಯನ ಪ್ರಕಟವಾಗಿತ್ತು ಎಂಬುದು ಇಲ್ಲಿ ಮುಖ್ಯ. ಯಾವ ಪ್ರತಿಕಾಯ, ಹೇಗೆ ಅಳೆದರು ಎಂಬುದೆಲ್ಲ ಮುದ್ರಣದಲ್ಲಿದ್ದುದರಿಂದ ಬೇರೆಯವರು ಅದನ್ನು ಓದಿ ಶಂಕಿಸಲು, ಮತ್ತೆ ಪರೀಕ್ಷಿಸಲು ಸಾಧ್ಯವಾಯಿತು. ಕಂಪನಿಯ ಕಪಾಟಿನಲ್ಲಿ ಉಳಿದ ಫಲಿತಾಂಶವನ್ನು ಯಾರೂ ಪ್ರಶ್ನಿಸಲಾರರು.

ಹಾಗಾದರೆ ಇಷ್ಟು ಅನುಮಾನಾಸ್ಪದವಾದ ಮಂಗವೇ ಏಕೆ ಬೇಕು, ಬೇರೆ ದಾರಿಗಳಿಲ್ಲವೇ ಎಂದು ಪ್ರಾಣಿದಯಾ ಸಂಘಟನೆಗಳು ಕೇಳುತ್ತವೆ. ನ್ಯಾಯವಾದ ಪ್ರಶ್ನೆ. ಆರ್‌ಪಿಇ65 ಜೀನ್ ಕೆಟ್ಟು ಕುರುಡಾಗುವ ಮಕ್ಕಳಿಗೆ 2017ರಲ್ಲಿ ಮಂಜೂರಾದ ಜೀನ್ ಚಿಕಿತ್ಸೆಯ ಬುನಾದಿ ಮಂಗವಲ್ಲ, ಅದೇ ದೋಷದೊಂದಿಗೆ ಹುಟ್ಟುವ ಬ್ರಿಯಾರ್ ತಳಿಯ ನಾಯಿಗಳು. ಈ ಚಿಕಿತ್ಸೆಯಿಂದ ದೃಷ್ಟಿ ಪಡೆದ ಲ್ಯಾನ್ಸ್‌ಲಾಟ್ ಎಂಬ ನಾಯಿ ಅಮೆರಿಕದಲ್ಲಿ ಹೆಸರುವಾಸಿಯಾಯಿತು. ಮಂಗಗಳಲ್ಲಿ ಪರೀಕ್ಷೆಯಾಗಿಯೇ 2019ರಲ್ಲಿ ಮಾರುಕಟ್ಟೆಗೆ ಬಂದ ಬ್ರೋಲುಸಿಜುಮ್ಯಾಬ್ ಇಂಜೆಕ್ಷನ್ ಕೆಲವೇ ತಿಂಗಳಲ್ಲಿ ಕೆಲವು ರೋಗಿಗಳ ರೆಟಿನಾದ ರಕ್ತನಾಳಗಳಿಗೆ ಉರಿಯೂತ ತಂದ ವರದಿಗಳೂ ಬಂದವು. ಆಕರಕೋಶಗಳಿಂದ ಬೆಳೆಸಿದ ರೆಟಿನಾದ ಪುಟ್ಟ ಪ್ರತಿಕೃತಿಗಳಲ್ಲಿ ಹಲವು ಪ್ರಶ್ನೆಗಳಿಗೆ ಈಗಲೇ ಉತ್ತರ ಸಿಗುತ್ತಿದೆ. ನಮ್ಮ ಸರ್ಕಾರವೂ 2023ರಲ್ಲಿ ಔಷಧ ಪರೀಕ್ಷಾ ನಿಯಮಗಳನ್ನು ತಿದ್ದಿ ಅಂಥ ವಿಧಾನಗಳಿಗೆ ಬಾಗಿಲು ತೆರೆದಿದೆ. ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಮಂಗವನ್ನು ಬಿಡಲೇಬೇಕು. ಆದರೆ ತಟ್ಟೆಯಲ್ಲಿ ಬೆಳೆದ ರೆಟಿನಾಕ್ಕೆ ರಕ್ತ ಹರಿಯುವುದಿಲ್ಲ. ಅದು ಯಾವ ಮೆದುಳಿಗೂ ಏನನ್ನೂ ಹೇಳುವುದಿಲ್ಲ. ಕೋಶಗಳ ಹಾಳೆಯೊಂದನ್ನು ಮ್ಯಾಕ್ಯುಲದ ಕೆಳಗೆ ಹಾಸುವ ಶಸ್ತ್ರಚಿಕಿತ್ಸೆಯನ್ನು ಕಲಿಯಲು ಮ್ಯಾಕ್ಯುಲ ಇರುವ, ಮನುಷ್ಯನದಕ್ಕೆ ಹತ್ತಿರದ ಗಾತ್ರದ ಕಣ್ಣೇ ಬೇಕಾಗುತ್ತದೆ. ಎಲ್ಲಿ ಮಂಗ ಬೇಕು, ಎಲ್ಲಿ ಬೇಡ ಎಂಬ ಗೆರೆಯನ್ನು ಎಳೆಯಲು ಹಿಂದಿನ ಮಂಗಗಳಿಂದ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ ಎಂಬ ದಾಖಲೆ ಬೇಕು. ಅದು ಒಂದೆಡೆ ಇಲ್ಲದಿರುವಾಗ ಎರಡೂ ಪಕ್ಷದವರು ತಮಗೆ ಬೇಕಾದ ಉದಾಹರಣೆಯನ್ನಷ್ಟೇ ಹೆಕ್ಕಿ ವಾದಿಸುತ್ತಾರೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೆಯಿದೆ. ಮಂಗದ ಕಣ್ಣು ನಮ್ಮದರಂತಿದೆ ಎಂದು ಬಳಸಿಕೊಳ್ಳುವವರು ಅದರ ಮನಸ್ಸೂ ನಮ್ಮದಕ್ಕೆ ಹತ್ತಿರ ಎಂಬುದನ್ನು ಮರೆಯುವಂತಿಲ್ಲ. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇ ಮತ್ತು ಮೌರೀನ್ ನೈಟ್ಸ್ ದಂಪತಿ ಹುಟ್ಟಿನಿಂದ ಕೆಂಪು-ಹಸಿರು ಭೇದ ತಿಳಿಯದ ಡಾಲ್ಟನ್ ಮತ್ತು ಸ್ಯಾಮ್ ಎಂಬ ಎರಡು ಅಳಿಲುಮಂಗಗಳ ರೆಟಿನಾಕ್ಕೆ ಕೊರತೆಯಿದ್ದ ಜೀನನ್ನು ಕೊಟ್ಟ ವಿಷಯ ಪ್ರಕಟಿಸಿದರು. ಪರದೆಯ ಮೇಲಿನ ಬೂದು ಚುಕ್ಕಿಗಳ ನಡುವೆ ಬಣ್ಣದ ತೇಪೆ ಎಲ್ಲಿದೆಯೆಂದು ಮುಟ್ಟಿ ತೋರಿಸಿದರೆ ಅವಕ್ಕೆ ದ್ರಾಕ್ಷಿರಸ. ಸುಮಾರು ಐದು ತಿಂಗಳಲ್ಲಿ ಅವು ಅದುವರೆಗೆ ತಪ್ಪುತ್ತಿದ್ದ ಬಣ್ಣಗಳನ್ನು ಮುಟ್ಟತೊಡಗಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಅವರ ತಂಡ ಮಂಗಗಳನ್ನು ಕುರ್ಚಿಗೆ ಬಿಗಿಯದೆ, ಗುಂಪಿನಲ್ಲಿ ಬಿಟ್ಟು, ತಾವಾಗಿ ಬಂದು ಪರದೆ ಮುಟ್ಟುವಂತೆ ಮಾಡಿ ಅವುಗಳ ದೃಷ್ಟಿಯ ನೆಲೆ ಅಳೆಯುವ ವ್ಯವಸ್ಥೆಯೊಂದನ್ನು 2021ರಲ್ಲಿ ಪ್ರಕಟಿಸಿದೆ. ಏನೂ ಕಲಿಯದ ಮಂಗವೊಂದು ಪಳಗಿದ ಮಂಗಗಳನ್ನು ನೋಡಿಯೇ ಕಷ್ಟದ ಕೆಲಸವನ್ನು ಬೇಗ ಕಲಿತಿತು ಎಂದೂ ಅದರಲ್ಲಿದೆ. ಹೀಗೆ ನೋಡಿ ಕಲಿಯುವ ಪ್ರಾಣಿಯ ಕಣ್ಣಿಗೆ ಸೂಜಿ ಇಡುವವರು ಲೆಕ್ಕ ಕೊಡಬೇಕಲ್ಲವೇ? ಅದರ ನೋವು ಸಮರ್ಥನೀಯವೆಂದು ನಾನು ಒಪ್ಪುವುದು ಒಂದೇ ಷರತ್ತಿನ ಮೇಲೆ: ಆ ನೋವಿನಿಂದ ದೊರೆತ ಅರಿವು ವ್ಯರ್ಥವಾಗಬಾರದು. ಪ್ರಕಟವಾಗದ ಫಲಿತಾಂಶದ ಕಾರಣಕ್ಕೆ ಇನ್ನೊಂದು ಪ್ರಯೋಗಾಲಯ ಅದೇ ಪ್ರಯೋಗವನ್ನು ಮತ್ತೆ ಮಾಡಿದರೆ ಆ ಷರತ್ತು ಮುರಿಯುತ್ತದೆ.

ಹೇಳಿದ್ದೊಂದು ಮಾಡಿದ್ದೊಂದು ಆದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ಪೋಲಿಯೋ ಲಸಿಕೆಯ ಕಾಲದಿಂದ ಭಾರತ ಅಮೆರಿಕಕ್ಕೆ ರೀಸಸ್ ಮಂಗಗಳನ್ನು ಹಡಗು, ವಿಮಾನಗಳಲ್ಲಿ ತುಂಬಿ ಕಳಿಸುತ್ತಿತ್ತು. ವೈದ್ಯಕೀಯಕ್ಕೆಂದು ಒಯ್ದವನ್ನು ಅಲ್ಲಿ ಸೇನೆಯ ವಿಕಿರಣ ಪ್ರಯೋಗಗಳಿಗೂ ಬಳಸುತ್ತಿದ್ದಾರೆಂದು ತಿಳಿದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತನ್ನೇ ನಿಲ್ಲಿಸಿತು. ಲೆಕ್ಕ ಕೇಳುವ ನಿಯಮ ಬೇರೆಡೆ ಈಗಾಗಲೇ ಇದೆ: ಯೂರೋಪಿನ ಒಕ್ಕೂಟದ 2010ರ ನಿರ್ದೇಶನದ ಪ್ರಕಾರ ಮಂಗಗಳನ್ನು ಬಳಸುವ ಪ್ರತಿ ಯೋಜನೆಯೂ ಮುಗಿದ ಮೇಲೆ ಮರುಮೌಲ್ಯಮಾಪನಕ್ಕೆ ಒಳಗಾಗಬೇಕು, ಅದರ ಸಾರಾಂಶ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಹೊರಬರಬೇಕು. ಜರ್ಮನಿ 2019ರಲ್ಲಿ ಪ್ರಾಣಿ ಪ್ರಯೋಗಗಳ ಮುಂಗಡ ನೋಂದಣಿಗೆಂದೇ ಜಾಲತಾಣ ತೆರೆಯಿತು. ನಮ್ಮಲ್ಲಿ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣಾ ಸಮಿತಿಯಾದ ಸಿಸಿಎಸ್‌ಇಎ ಅನುಮತಿಯಿಲ್ಲದೆ ಮಂಗವನ್ನು ಮುಟ್ಟುವಂತಿಲ್ಲ, ಒಪ್ಪಿದೆ. ಆದರೆ ಅನುಮತಿ ಪ್ರಯೋಗದ ಮೊದಲ ದಿನದ ಮಾತು.

ವಿವರ ಹೊರಬಿದ್ದರೆ ವಿಜ್ಞಾನಿಗಳ ಮನೆ ಮುಂದೆ ಧರಣಿ ಕೂರುತ್ತಾರೆ ಎಂಬ ಅಳುಕು ಸಂಶೋಧಕರಲ್ಲಿದೆ. ಅದು ಸುಳ್ಳಲ್ಲ, ಹನುಮನನ್ನು ಪೂಜಿಸುವ, ಅಡಿಕೆ ತೋಟದಲ್ಲಿ ಅದೇ ಮಂಗಗಳಿಗೆ ಶಾಪ ಹಾಕುವ ಸಮಾಜದಲ್ಲಿ ಈ ವಿಷಯ ಯಾವಾಗ ಯಾವ ಕಡೆ ವಾಲುತ್ತದೆಂದು ಹೇಳಲಾಗದು. ಹಾಗಾಗಿ ವ್ಯಕ್ತಿಗಳ ಹೆಸರು ಬೇಡ. ಸಂಸ್ಥೆ, ಉದ್ದೇಶ, ಸಂಖ್ಯೆ, ಫಲಿತಾಂಶ ಸಾಕು. ಕಂಪನಿಗಳಿಗೆ ಪೇಟೆಂಟಿನ ಭಯವಿದ್ದರೆ ವಿವರಗಳನ್ನು ನಿಗದಿತ ಕಾಲ ಮುಚ್ಚಿಟ್ಟು ಆಮೇಲೆ ತೆರೆಯಬಹುದು. ಕಾಗದಪತ್ರದ ಹೊರೆ ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಾರೆ. ಸಿಟಿಆರ್‌ಐ ಬಂದಾಗಲೂ ಹಾಗೇ ಅಂದಿದ್ದವರಿದ್ದರು. ಮುಚ್ಚುಮರೆಯಿಲ್ಲದೆ ನಡೆಯಬಹುದೆಂದು ತಮ್ಮ ಮಂಡಳಿಯೇ ತೋರಿಸಿದ್ದೂ ಇದೆ: 2020ರಲ್ಲಿ ಪುಣೆಯಲ್ಲಿ ಕೊವ್ಯಾಕ್ಸಿನ್ ಪರೀಕ್ಷೆಗೆ ಬಳಸಿದ್ದು 20 ರೀಸಸ್ ಮಂಗಗಳು, ಐದೈದರ ನಾಲ್ಕು ಗುಂಪು ಎಂಬುದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಮುದ್ರಣವಾಯಿತು. ಲಾಕ್‌ಡೌನ್ ನಡುವೆ ಆ ಮಂಗಗಳಿಗಾಗಿ ನಾಗಪುರದ ಕಡೆ ಹುಡುಕಾಡಿದ್ದನ್ನು ಅಂದಿನ ಮಹಾನಿರ್ದೇಶಕರೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ತಮ್ಮ ಮಂಡಳಿಯ ಹಣ ಪಡೆಯುವ, ಮಂಗಗಳನ್ನು ಬಳಸುವ ಪ್ರತಿಯೊಂದು ಕಣ್ಣಿನ ಸಂಶೋಧನೆಯೂ ಶುರುವಾಗುವ ಮೊದಲೇ ನೋಂದಣಿಯಾಗಲಿ. ಇಲಿ, ನಾಯಿ, ಕೋಶ ಪ್ರತಿಕೃತಿಗಳಲ್ಲಿ ಇದಕ್ಕೆ ಉತ್ತರ ಏಕೆ ಸಿಗದು ಎಂಬುದನ್ನು ಅರ್ಜಿದಾರರು ಅಲ್ಲಿ ಬರೆಯಲಿ. ಮಂಗ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದದ್ದೇ, ಕಾಡಿನಿಂದ ಹಿಡಿದು ತಂದದ್ದೇ, ಪ್ರಯೋಗ ಮುಗಿದ ಮೇಲೆ ಎಲ್ಲಿದೆ ಎಂಬುದೂ ಇರಲಿ. ಮುಗಿದ ಒಂದು ವರ್ಷದೊಳಗೆ ಫಲಿತಾಂಶ ಬರಲಿ, ಸೋತದ್ದೂ ಸೇರಿ. ಬಾರದಿದ್ದರೆ ಮುಂದಿನ ಅನುದಾನ ನಿಲ್ಲಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಸಂಸತ್ತಿನ ಮೆಟ್ಟಿಲು ಹತ್ತಬೇಕಿಲ್ಲ. ಅನುದಾನದ ಷರತ್ತುಗಳಲ್ಲಿ ಒಂದು ಪುಟ ಸೇರಿಸಿದರೆ ಆಯಿತು, ಆ ಅಧಿಕಾರ ತಮ್ಮ ಕೈಯಲ್ಲೇ ಇದೆ. ಮುಂದಿನ ಅನುದಾನದ ಅರ್ಜಿಗಳನ್ನು ಕರೆಯುವ ಮೊದಲು ಆ ಪುಟ ಸೇರಿಸಬೇಕೆಂದು ಕೋರುತ್ತೇನೆ.


ಒಬ್ಬ ಕನ್ನಡ ಲೇಖಕ