ಪರದೇಶದ ಮೇಷ್ಟರು

ಪರದೇಶದ ಹಳ್ಳಿಯೊಂದಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಸಂಬಳವಿಲ್ಲದೆ ಪಾಠ ಹೇಳಿ ಬರಬೇಕೆಂಬ ಹಂಬಲ ಓದಿದ ತರುಣರಲ್ಲಿ ಹಲವರಿಗೆ ಇದೆ. ಹಂಬಲ ಒಳ್ಳೆಯದೇ. ಎಷ್ಟು ದಿನದ ಮಾತು ಎಂದು ಕೇಳಿದರೆ ಮಾತ್ರ ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು ಎಂಬ ಉತ್ತರ ಬರುವುದುಂಟು. ನನ್ನ ತಕರಾರು ಇರುವುದು ಅಲ್ಲಿಯೇ.

ನೇಪಾಳದ ಗುಡ್ಡಗಾಡಿನ ಒಂದು ಹಳ್ಳಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಲ್ಲಿ ಮಕ್ಕಳ ದಿನ ಶಾಲೆಯ ಗಂಟೆಯಿಂದ ಮೊದಲಾಗುವುದಿಲ್ಲ. ಬೆಳಗಾಗುತ್ತಲೇ ನೀರು ತರಬೇಕು. ಬೆನ್ನ ಮೇಲೆ ಡೋಕೊ ಎಂಬ ಬಿದಿರ ಬುಟ್ಟಿ, ಅದರ ಭಾರವನ್ನು ಹಣೆ ಹೊರುವಂತೆ ನಾಮ್ಲೊ ಎಂಬ ಪಟ್ಟಿ, ಹೀಗೆ ದನಗಳಿಗೆ ಹುಲ್ಲು ಹೊತ್ತು ತರಬೇಕು. ಬಳಿಕ ಬೇಳೆಸಾರು, ಅನ್ನ. ಆಮೇಲೆ ಹತ್ತು ಗಂಟೆಗೆ ಶಾಲೆ. ಜೂನ್ ನಡುವಿನಲ್ಲಿ ಅವರ ಆಷಾಢ ಹುಟ್ಟಿ ನಾಟಿಯ ಕಾಲ ಬಂತೆಂದರೆ ಬೆಂಚುಗಳು ಬರಿದಾಗುತ್ತವೆ. ಆಷಾಢ ೧೫ರಂದು ಮೊಸರವಲಕ್ಕಿ ತಿಂದು ಊರಿಗೆ ಊರೇ ಗದ್ದೆಗಿಳಿಯುವಾಗ, ಹಾಜರಿ ಪುಸ್ತಕ ಹಿಡಿದು ಕುಳಿತ ಹೊಸ ಮೇಷ್ಟರಿಗೆ ಮಕ್ಕಳೆಲ್ಲ ಸೋಮಾರಿಗಳೆಂದು ತೋರಿದರೆ ಆಶ್ಚರ್ಯವೇನು?

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ತಾಮಾಂಗ್, ಗುರುಂಗ್, ಮಗರ್ ಮನೆಗಳ ಎಷ್ಟೋ ಮಕ್ಕಳಿಗೆ ಶಾಲೆಯ ನೇಪಾಳಿಯೇ ಎರಡನೆಯ ಭಾಷೆ, ಇಂಗ್ಲಿಷು ಮೂರನೆಯದು. ಮೊದಲೆರಡರ ಗಂಧವೂ ಇಲ್ಲದವನು ಮೂರನೆಯದನ್ನು ಕಲಿಸಲು ನಿಲ್ಲುತ್ತಾನೆ! ನೇಪಾಳಿಯಲ್ಲಿ ‘ತಿಮಿ’ ಬೇರೆ, ‘ತಪಾಯಿಂ’ ಬೇರೆ. ನಮ್ಮ ನೀನು, ನೀವುಗಳ ಹಾಗೆ. ಮುಖ್ಯೋಪಾಧ್ಯಾಯರನ್ನು ‘ತಿಮಿ’ ಎಂದು ಕರೆದ ಅತಿಥಿಯನ್ನು ಊರವರು ನಕ್ಕು ಕ್ಷಮಿಸುತ್ತಾರೆ. ಮಕ್ಕಳು ಮಾತ್ರ ಅದನ್ನು ಕೇಳಿಸಿಕೊಂಡಿರುತ್ತಾರೆ.

ಅಮೆರಿಕದ ಪೀಸ್ ಕೋರ್ ಸಂಸ್ಥೆಯವರು ನೇಪಾಳಕ್ಕೆ ೧೯೬೨ರಲ್ಲಿ ಬಂದರು. ಅಂತರ್ಯುದ್ಧದ ದೆಸೆಯಿಂದ ೨೦೦೪ರಲ್ಲಿ ಹೋದವರು ೨೦೧೨ರಲ್ಲಿ ಮರಳಿದರು. ಆ ಸಂಸ್ಥೆಯ ಹಿಂದಿನ ರಾಜಕಾರಣವನ್ನು ನಾನು ಮೆಚ್ಚಬೇಕಾಗಿಲ್ಲ. ಅದರ ಒಂದು ನಿಯಮವನ್ನು ಮೆಚ್ಚುತ್ತೇನೆ. ಅಲ್ಲಿ ಸೇವೆಯ ಅವಧಿ ಸುಮಾರು ೨೭ ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಊರಿನವರ ಮನೆಯಲ್ಲಿದ್ದು ಭಾಷೆಯನ್ನೂ ನಡೆನುಡಿಯನ್ನೂ ಕಲಿಯಬೇಕು. ಕಲಿಸುವುದಕ್ಕೆ ಮೊದಲು ಕಲಿಯುವುದು!

ಇಷ್ಟರಿಂದಲೂ ತೃಪ್ತರಾಗದವರುಂಟು. ಇವಾನ್ ಇಲ್ಲಿಚ್ ೧೯೬೮ರಲ್ಲಿ, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲು ಬನ್ನಿ, ಓದಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಖಂಡಿಸಿ ಹೇಳಿದ. ಮಾತು ಕಟುವಾಯಿತು. ಎರಡು ವರ್ಷ ಒಂದೇ ಊರಿನಲ್ಲಿದ್ದು ಅಲ್ಲಿನ ನುಡಿಯಲ್ಲೇ ಲೆಕ್ಕ ಹೇಳಿಕೊಟ್ಟವನನ್ನೂ ಅದೇ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಎರಡು ವಾರದವನಿಗಾದರೋ ಅದರಲ್ಲಿ ಒಂದು ಮಾತೂ ಹೆಚ್ಚಲ್ಲ.

ಈ ಚರ್ಚೆಯಲ್ಲಿ ಊರಿನ ಮೇಷ್ಟರನ್ನು ಯಾರೂ ನೆನೆಯುವುದಿಲ್ಲ. ಅತಿಥಿ ಬಂದಾಗಲೆಲ್ಲ ಆತ ತನ್ನ ತರಗತಿಯನ್ನು ಬಿಟ್ಟುಕೊಟ್ಟು ಮೂಲೆಯಲ್ಲಿ ನಿಲ್ಲಬೇಕು. ಹಾಡು, ಆಟ, ಮತ್ತೆ ಮೊದಲಿನಿಂದ ಇಂಗ್ಲಿಷ್ ಅಕ್ಷರಮಾಲೆ. ಮಕ್ಕಳಿಗೆ ಸಂತೋಷವೇ ಸರಿ. ಕೊನೆಗೆ ಹೂಮಾಲೆ, ಕಣ್ಣೀರು, ಛಾಯಾಚಿತ್ರ. ಮರುದಿನ ಪುಸ್ತಕ ತೆರೆದು, ನಿಂತುಹೋದ ಪಾಠ ಯಾವುದೆಂದು ಹುಡುಕುವವನು ಆತನೊಬ್ಬನೇ. ಎರಡು ವಾರವಷ್ಟೇ ಬಿಡುವಿರುವ ತರುಣರು ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋಗಲಿ, ಕರಿಹಲಗೆಯ ಬಳಿಗಲ್ಲ, ಹಿಂದಿನ ಬೆಂಚಿಗೆ. ಆ ಮೇಷ್ಟರ ಬಳಿ ಅವರೂ ನಾಲ್ಕು ಮಾತು ನೇಪಾಳಿ ಕಲಿಯಲಿ.