ಚಿತ್ರದ ರೈತನೂ ತೋಟದ ರೈತನೂ

ರೈತನ ವಿಷಯದಲ್ಲಿ ನಮ್ಮ ಪತ್ರಿಕೆಗಳೂ ಚಲಚ್ಚಿತ್ರಗಳೂ ದೂರದರ್ಶನ ವಾಹಿನಿಗಳೂ ಮೌನ ತಾಳಿವೆಯೆಂದು ಯಾರೂ ಆಕ್ಷೇಪಿಸಲಾರರು. ಆಯವ್ಯಯ ಪತ್ರವು ಮಂಡಿತವಾದಾಗ, ಮುಂಗಾರು ತಡವಾದಾಗ, ಚುನಾವಣೆಯು ಸಮೀಪಿಸಿದಾಗ ಆತನ ಚಿತ್ರವು ತಪ್ಪದೆ ಅಚ್ಚಾಗುತ್ತದೆ. ಆ ಚಿತ್ರವಾದರೂ ಎಂತಹದು? ತಲೆಗೆ ಮಾಸಿದ ರುಮಾಲು, ಹೆಗಲ ಮೇಲೆ ನೇಗಿಲು, ಬಿರುಕುಬಿಟ್ಟ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಆಕಾಶವನ್ನು ದಿಟ್ಟಿಸುವ ಮುದುಕ. ಕೆಳಗೆ ‘ಅನ್ನದಾತ’ ಎಂದೋ ‘ದೇಶದ ಬೆನ್ನೆಲುಬು’ ಎಂದೋ ಒಂದು ಬಿರುದು. ಬರಗಾಲದ ಸೀಮೆಗಳ ಮಟ್ಟಿಗೆ ಈ ಚಿತ್ರವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಬೀದರಿನಿಂದ ಸುಳ್ಯದವರೆಗೆ ಇರುವ ಒಕ್ಕಲುಮಕ್ಕಳಿಗೆಲ್ಲ ಇದೊಂದೇ ಮುಖವನ್ನು ಅಂಟಿಸಿಬಿಟ್ಟರೆ ಆಗುವ ಅನ್ಯಾಯವೇನೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಗೆ ದೃಷ್ಟಿ ಹಾಯಿಸಿದವರು ಚೆನ್ನಾಗಿ ತಿಳಿಯಬಲ್ಲರು.

ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಪ್ರಾಂತವಿದು. ಜುಲೈ ತಿಂಗಳಲ್ಲಿ ಇಲ್ಲಿಯ ಕೃಷಿಕನೂ ಆಕಾಶವನ್ನು ನೋಡುತ್ತಾನೆ, ನಿಜ. ಮಳೆ ಬರಲೆಂದಲ್ಲ, ಒಂದೆರಡು ದಿನವಾದರೂ ಬಿಡುವು ಕೊಡಲಿ, ಅಡಕೆಯ ಗೊನೆಗಳಿಗೆ ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಸಿಂಪಡಿಸಿ ಮುಗಿಸೋಣ ಎಂದು. ಆ ಬಿಡುವು ದೊರೆಯದಿದ್ದರೆ ಕೊಳೆರೋಗವು ತಗಲಿ ಎಳೆಕಾಯಿಗಳು ಮರದಡಿಯಲ್ಲಿ ರಾಶಿಯಾಗುತ್ತವೆ, ವರ್ಷದ ಉತ್ಪತ್ತಿಯು ಕೊಳೆತುಹೋಗುತ್ತದೆ. ಈ ನಷ್ಟಕ್ಕೆ ಪತ್ರಿಕೆಯವರ ಬಳಿ ಸಿದ್ಧಚಿತ್ರವಿಲ್ಲ. ಹಸುರಾಗಿ ನಿಂತ ತೋಟದ ಛಾಯಾಚಿತ್ರವನ್ನು ಕಂಡ ಪಟ್ಟಣದ ಓದುಗನಿಗೆ ಅಲ್ಲಿ ಹಾನಿಯಾಗಿದೆಯೆಂದು ನಂಬಿಸುವುದೇ ಕಷ್ಟ. ಆತನ ಮನಸ್ಸಿನಲ್ಲಿ ರೈತನ ದುಃಖಕ್ಕೆ ಬಣ್ಣ ಒಂದೇ, ಬೂದು.

ತಲೆಯ ಮೇಲಿನ ರುಮಾಲಿನ ಕಥೆಯೂ ಇಷ್ಟೆ. ತುಳುನಾಡಿನ ಗೇಯ್ಮೆಗಾರನ ತಲೆಯ ಮೇಲಿರುವುದು ಅಡಕೆ ಹಾಳೆಯಿಂದ ಮಾಡಿದ ಮುಟ್ಟಾಳೆ. ಘಟ್ಟದ ಮೇಲಿನವರಿಗೆ ‘ಮುಟ್ಟಾಳ’ ಎಂಬ ಬೈಗುಳದ ನೆನಪಾಗಿ ಈ ಹೆಸರು ನಗೆ ತರಿಸೀತು. ಮಳೆಬಿಸಿಲುಗಳನ್ನು ತಡೆದು, ಹೊರೆಗೆ ಸಿಂಬೆಯೂ ಆಗಿ, ಕಾಸು ಖರ್ಚಿಲ್ಲದೆ ಒದಗುವ ಈ ಟೊಪ್ಪಿಯನ್ನು ಕಲ್ಪಿಸಿದವರು ದಡ್ಡರಲ್ಲ. ನಮ್ಮ ಚಲಚ್ಚಿತ್ರಗಳಲ್ಲಿ ಕರಾವಳಿಯ ಕನ್ನಡವನ್ನು ಆಡುವ ಪಾತ್ರವು ಬಹುಕಾಲ ಅಡಿಗೆಯವನೋ ಹೋಟೆಲಿನವನೋ ಆಗಿ ಜನರನ್ನು ನಗಿಸುವುದಕ್ಕೆಂದೇ ಬರುತ್ತಿತ್ತು. ಆ ಕನ್ನಡದಲ್ಲಿ ಒಬ್ಬ ಬೇಸಾಯಗಾರನು ತನ್ನ ಲೆಕ್ಕಾಚಾರವನ್ನು ವಿವರಿಸಿದ್ದು ಪರದೆಯ ಮೇಲೆ ಅಪರೂಪ. 1972ರ ‘ಬಂಗಾರದ ಮನುಷ್ಯ’ವು ಹಳ್ಳಿಗೆ ಮರಳಿದ ವಿದ್ಯಾವಂತನನ್ನು ನಾಯಕನಾಗಿಸಿ ಬೇಸಾಯಕ್ಕೆ ಗೌರವವನ್ನು ತಂದುಕೊಟ್ಟಿತೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅಲ್ಲಿಯೂ ಭೂಮಿಯನ್ನು ಉದ್ಧರಿಸಲು ಹೊರಗಿನಿಂದ ಒಬ್ಬ ಮಹಾಪುರುಷನು ಬರಬೇಕಾಯಿತು.

ರೈತನನ್ನು ಹೀಗೆ ತಿಳಿಗೇಡಿಯೆಂದು ಬರೆಯುವ ಚಾಳಿಯು ಇಂದು ನಿನ್ನೆಯದಲ್ಲ. 1837ರಲ್ಲಿ ಕಂಪೆನಿಯ ಸರಕಾರವು ಕಂದಾಯವನ್ನು ನಾಣ್ಯದಲ್ಲಿಯೇ ತೆರಬೇಕೆಂದು ಪಟ್ಟುಹಿಡಿದುದೂ ಕಾರಣವಾಗಿ ಸುಳ್ಯ ಪುತ್ತೂರು ಸೀಮೆಗಳ ಜನ ದಂಗೆಯೆದ್ದು, ಬಂಟ್ವಾಳದ ಮಾರ್ಗವಾಗಿ ನಡೆದು ಮಂಗಳೂರನ್ನು ಹಿಡಿದು ಕೆಲವು ದಿನ ಆಳಿದರು. ಧಾನ್ಯ ಬೆಳೆಯುವವನಿಂದ ಬೆಳ್ಳಿಯನ್ನು ಕೇಳಿದರೆ ಅವನು ವ್ಯಾಪಾರಿಯ ಕೈಗೆ ಸಿಕ್ಕುತ್ತಾನೆಂಬ ಸ್ಪಷ್ಟವಾದ ಆರ್ಥಿಕ ತಿಳಿವಳಿಕೆಯು ಆ ದಂಗೆಯ ಹಿಂದಿತ್ತು. ಜನರ ಬಾಯಲ್ಲಿ ಅದು ಉಳಿದುದಾದರೋ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿನಲ್ಲಿ. ಅದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲುವುದಕ್ಕೆ 2022ನೆಯ ಇಸವಿಯೇ ಬರಬೇಕಾಯಿತು.

ಈಚಿನ ಕಾಲದಲ್ಲಿ ಈ ಪ್ರಾಂತಕ್ಕೆ ಜಗತ್ತಿನ ಪತ್ರಿಕೆಗಳು ಒಮ್ಮೆಲೇ ಮುಗಿಬಿದ್ದ ಪ್ರಸಂಗವೊಂದಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರುಗಳ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡು ಎಂದು ಯಾರೋ ಲೆಕ್ಕ ಹಾಕಿದರು. ಉಸೇನ್ ಬೋಲ್ಟನ 9.58ರ ದಾಖಲೆಯು ಮುರಿಯಿತೆಂದು ಡಂಗುರವಾಯಿತು. ದಿಲ್ಲಿಯಿಂದ ಕ್ರೀಡಾಸಚಿವರ ಕರೆಯೂ ಬಂದಿತು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ ಶೆಟ್ಟರು 143 ಮೀಟರುಗಳನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದಾಗ ಮತ್ತೊಮ್ಮೆ ಅದೇ ಡಂಗುರ. ಕೋಣಗಳ ವೇಗವೂ ಓಟಗಾರನಿಗೆ ಸಲ್ಲುತ್ತದೆ, ಕೆಸರಿನ ಕರೆಯೂ ಸ್ಪರ್ಧೆಯ ಪಥವೂ ಒಂದಲ್ಲ ಎಂಬ ಸರಳ ಸಂಗತಿಯನ್ನು ಈ ಗದ್ದಲದಲ್ಲಿ ನಿಧಾನವಾಗಿ ಹೇಳಿದವರು ಸ್ವತಃ ಶ್ರೀನಿವಾಸ ಗೌಡರೇ. ಕೀರ್ತಿಯನ್ನು ಕೋಣಗಳಿಗೆ ಒಪ್ಪಿಸಿ, ಓಟದ ಪರೀಕ್ಷೆಗೆ ಹೋಗಲೊಲ್ಲದೆ ಅವರು ಕಂಬಳದ ಕರೆಗೇ ಮರಳಿದರು. ಪತ್ರಿಕೆಗಳ ಉನ್ಮಾದದ ನಡುವೆ ವಿವೇಕದಿಂದ ಮಾತನಾಡಿದವರು ಆ ‘ಬರಿಗಾಲಿನ ಹಳ್ಳಿಗ’ರೇ ಎಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಅಂದು ಅವರ ಸ್ನಾಯುಗಳನ್ನು ಬಣ್ಣಿಸಿದ ಲೇಖನಗಳು ಅಸಂಖ್ಯ. ಅವರು ಕಟ್ಟಡದ ಕೆಲಸದಿಂದ ಜೀವನ ಸಾಗಿಸುತ್ತಿದ್ದರೆಂಬ ಸುದ್ದಿಯೂ ಅವುಗಳಲ್ಲಿ ಒಂದು ಸ್ವಾರಸ್ಯವಾಗಿ ಮಾತ್ರ ಬಂದಿತು. ಏಣಿಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆಗಳನ್ನು ಕೊಡುತ್ತಿದ್ದ ಬೈಲುಗದ್ದೆಗಳ ನಾಡಿನಲ್ಲಿ ಗಟ್ಟಿಮುಟ್ಟಾದ ಯುವಕರು ಗಾರೆಯ ಕೂಲಿಗೆ ಏಕೆ ಹೋಗುತ್ತಾರೆ? ಕಂಬಳದ ಸ್ಪರ್ಧೆಗಳಿಗೆ ನೇಗಿಲು, ಹಗ್ಗ, ಅಡ್ಡಹಲಗೆ ಎಂಬ ಹೆಸರುಗಳು ಇಂದಿಗೂ ಇವೆ. ಗದ್ದೆಯಲ್ಲಿ ಆ ಉಪಕರಣಗಳು ಏಕೆ ಕಾಣಿಸುವುದಿಲ್ಲ? ಗದ್ದೆಯು ಅಡಕೆ ತೋಟವಾದುದರ, ಹಡಿಲು ಬಿದ್ದುದರ ಲೆಕ್ಕವನ್ನು ಯಾರೂ ಕೇಳಲಿಲ್ಲ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನಲ್ಲಿ ಬಿ. ಕೆ. ದೇವರಾಯರು ನೂರಕ್ಕೂ ಮಿಕ್ಕ ದೇಶೀ ಭತ್ತದ ತಳಿಗಳನ್ನು ವರ್ಷ ವರ್ಷವೂ ಬಿತ್ತಿ ಉಳಿಸಿದರಲ್ಲ, ಅದಕ್ಕೆ ದೊರೆತ ಸ್ಥಳವು ಆ 9.55 ಸೆಕೆಂಡುಗಳಿಗೆ ದೊರೆತುದರ ಒಂದು ಮೂಲೆಯೂ ಅಲ್ಲ.

ಪ್ರಶಸ್ತಿಯು ಬಂದಾಗಲೂ ಇದೇ ಪಾಡು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀಯು ಸಂದುದು ನಾಡಿಗೆಲ್ಲ ಹೆಮ್ಮೆಯ ಸಂಗತಿ. ಪರರ ತೋಟಗಳಲ್ಲಿ ಮರವೇರಿ ಕೂಲಿ ಮಾಡುತ್ತ, ತಮಗೆ ದೊರೆತ ಬೋಳುಗುಡ್ಡದ ತುಂಡಿನಲ್ಲಿ ದುಡಿಮೆ ಮುಗಿದ ಮೇಲೆ ಒಬ್ಬರೇ ಸುರಂಗ ಕೊರೆದು, ಒಂದರ ಮೇಲೊಂದರಂತೆ ಕೆಲವು ಸುರಂಗಗಳು ಒಣಗಿಯೇ ಉಳಿದರೂ ಬಿಡದೆ ನೀರು ಕಂಡು, ತೋಟ ಎಬ್ಬಿಸಿದವರು ಅವರು. ಪತ್ರಿಕೆಗಳು ಇದನ್ನು ಒಂಟಿ ಮನುಷ್ಯನ ಹಟದ ಅದ್ಭುತ ಕಥೆಯಾಗಿ ಬರೆದುವು. ಹಟವಿತ್ತು, ಸರಿಯೇ. ಆದರೆ ಮುರಕಲ್ಲಿನ ಯಾವ ಪದರದಲ್ಲಿ ಜಲವಿದ್ದೀತು, ನೀರು ತಾನಾಗಿಯೇ ಹರಿದುಬರಲು ನೆಲವನ್ನು ಎಷ್ಟು ಓರೆಯಾಗಿ ಕೊರೆಯಬೇಕು, ದೀಪವು ನಂದಿದರೆ ಒಳಗೆ ಉಸಿರಿಗೆ ಗಾಳಿಯಿಲ್ಲವೆಂದು ಹೇಗೆ ತಿಳಿಯಬೇಕು ಎಂಬ ವಿದ್ಯೆಯೂ ಇತ್ತು. ಮಾಣಿಲದಿಂದ ಕಾಸರಗೋಡಿನ ಪಡ್ರೆಯವರೆಗೆ ಈ ವಿದ್ಯೆಯನ್ನು ಬಲ್ಲ ಅನೇಕರು ಇದ್ದರು. ವಿದ್ಯುಚ್ಛಕ್ತಿಯ ಹಂಗಿಲ್ಲದ ಈ ನೀರಾವರಿಯನ್ನು ವಿದ್ಯೆಯೆಂದು ಬರೆದಿದ್ದರೆ ಯಾವನಾದರೊಬ್ಬ ಇಂಜಿನಿಯರನು ಬಂದು ಅಳೆದಾನು, ಇಲಾಖೆಯೊಂದು ನೆರವಿನ ಯೋಜನೆ ಹೂಡೀತು. ಪವಾಡವೆಂದು ಬರೆದುದಕ್ಕೆ ಹಾರತುರಾಯಿಗಳಷ್ಟೇ ಫಲ.

ಅಡಕೆ ಬೆಳೆಗಾರನ ಮೇಲೆ ಮತ್ತೊಂದು ವೇಷವನ್ನು ಹೊರಿಸಲಾಗಿದೆ. ಆತನು ಧನಿಕ, ಜನರಿಗೆ ವಿಷವುಣಿಸಿ ಸುಖವಾಗಿರುವವನು ಎಂದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2003ರಲ್ಲಿ ಅಡಕೆಯನ್ನು ಕ್ಯಾನ್ಸರುಕಾರಕವೆಂದು ವರ್ಗೀಕರಿಸಿತು. ಅದನ್ನು ಮುಚ್ಚಿಡಿರೆಂದು ನಾವು ಹೇಳುವುದಿಲ್ಲ, ಮುಚ್ಚಿಡುವುದು ದ್ರೋಹ. ಆದರೆ ಇಲ್ಲಿಯ ಬೆಳೆಗಾರನು ಯಾರೆಂಬುದನ್ನೂ ಬರೆಯಬೇಡವೆ? 1974ರ ಭೂಸುಧಾರಣೆಯ ತಿದ್ದುಪಡಿಯವರೆಗೆ ಚಾಲಗೇಣಿಯ ಒಕ್ಕಲಾಗಿದ್ದು, ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಒಂದೆರಡು ಎಕರೆಗೆ ಒಡೆಯನಾದವನ ಮಗನೋ ಮೊಮ್ಮಗನೋ ಆತ. ಸಸಿ ನೆಟ್ಟು ಐದಾರು ವರ್ಷ ಕಾಯಬೇಕು. ಒಣಗಿಸಿ ಸುಲಿದ ಚಾಲಿಯನ್ನು ಹೊಸತಾಗಿಯೇ ಮಾರುವುದೋ, ಇಟ್ಟು ಸಿಂಗಲ್ ಚೋಲ್, ಡಬಲ್ ಚೋಲ್ ಮಾಡಿ ಮಾರುವುದೋ ಎಂದು ಧಾರಣೆಯನ್ನು ನೋಡಿ ನಿರ್ಧರಿಸಬೇಕು. ಮಧ್ಯವರ್ತಿಗಳ ಬಿಗಿಮುಷ್ಟಿಯಿಂದ ಪಾರಾಗಲು 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದವರು ಇಂತಹ ಬೆಳೆಗಾರರೇ. ಅದರ ಸ್ಥಾಪಕಾಧ್ಯಕ್ಷ ವಾರಣಾಸಿ ಸುಬ್ರಾಯ ಭಟ್ಟರು ಅಡ್ಯನಡ್ಕದವರೇ. ಲೆಕ್ಕ ಬಲ್ಲ, ಸಂಘ ಕಟ್ಟಬಲ್ಲ ಈ ರೈತನಿಗೆ ‘ಮುಗ್ಧ’ ಎಂಬ ವಿಶೇಷಣವು ಹೊಂದುವುದಿಲ್ಲ. ಅವನನ್ನು ಮುಗ್ಧನೆಂದು ಕರೆದ ಕ್ಷಣದಿಂದ ಅವನ ವಾದವನ್ನು ಕೇಳಬೇಕಾದ ಅಗತ್ಯವು ತೀರಿಹೋಗುತ್ತದೆ.

ಇದು ಬರಿಯ ಮಾನಾಪಮಾನದ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅಧಿಕಾರಿಗಳೂ ಶಾಸಕರೂ ಪತ್ರಿಕೆಗಳನ್ನು ಓದಿಯೇ ತಮ್ಮ ಅಭಿಪ್ರಾಯವನ್ನು ರೂಪಿಸಿಕೊಳ್ಳುತ್ತಾರೆ, ಚಿತ್ರವಿದ್ದಂತೆ ಪರಿಹಾರ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ನೆರೆ ನುಗ್ಗಿ, ಚಾರ್ಮಾಡಿಯ ಕೊಳಂಬೆಯಂತಹ ಕಡೆಗಳಲ್ಲಿ ಮನೆತೋಟಗಳ ಮೇಲೆ ಮರಳೂ ಮರದ ದಿಮ್ಮಿಗಳೂ ಬಂದು ಕುಳಿತವು. ಮುರಿದ ಸೇತುವೆಗಳ, ಕೊಚ್ಚಿಹೋದ ಮನೆಗಳ ಚಿತ್ರಗಳನ್ನು ನಾಡೆಲ್ಲ ನೋಡಿತು. ನೀರಿಳಿದೊಡನೆ ವರದಿಗಾರರೂ ಇಳಿದುಹೋದರು. ಬೆಳೆಹಾನಿಗೆ ಹೆಕ್ಟೇರಿಗೆ ಇಷ್ಟೆಂದು ಒಂದು ಮೊತ್ತವಿದೆ. ಅಡಕೆ ಮರವೊಂದು ಬಿದ್ದರೆ ಅಳಿಯುವುದು ಒಂದು ಬೆಳೆಯಲ್ಲ, ಮುಂದಿನ ಹಲವು ವರ್ಷಗಳ ಜೀವನ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನು ರೈತನೆಂಬ ಹೆಸರೇ ದೊರೆಯದವರ ಮಾತು. ಶಿವರಾಮ ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ಯಲ್ಲಿ, ಎತ್ತುಗಳಿದ್ದೂ ಉಳಲು ಭೂಮಿಯಿಲ್ಲದ, ಕುಲದ ಕಾರಣದಿಂದ ಬೇಸಾಯಗಾರನಾಗಲು ಎಡೆಯಿಲ್ಲದವನ ಸಂಕಟವನ್ನು ಈ ಜಿಲ್ಲೆಯ ಮಣ್ಣಿನಿಂದಲೇ ಎತ್ತಿ ತೋರಿಸಿದರು. ಭಾರತ ಸರಕಾರದ 2007ರ ರಾಷ್ಟ್ರೀಯ ರೈತ ನೀತಿಯು ಕೃಷಿಕಾರ್ಮಿಕರನ್ನೂ ಗೇಣಿದಾರರನ್ನೂ ರೈತರೆಂಬ ಮಾತಿನೊಳಗೆ ಸೇರಿಸಿತಾದರೂ, 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿಗಳು ಭೂಮಿಯುಳ್ಳ ಕುಟುಂಬಗಳಿಗೆ ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವನು ಪತ್ರಿಕೆಯಲ್ಲಿಯೂ ರೈತನಲ್ಲ. ಹಗಲು ನಾಟಿ ನೆಟ್ಟು, ಅಡಕೆ ಹೆಕ್ಕಿ, ಸಂಜೆ ಬೀಡಿ ಕಟ್ಟಿ ಸಂಸಾರ ತೂಗಿಸುವ ಬಂಟ್ವಾಳದ ಹೆಂಗಸು ಯಾವ ಜಾಹೀರಾತಿನಲ್ಲಿ ‘ಅನ್ನದಾತೆ’ಯಾಗಿದ್ದಾಳೆ?

ಕೊರತೆಯು ಬರೆಯಬಲ್ಲವರದ್ದಲ್ಲ. ನೆರೆಯ ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟಿತು, ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ತೋಟದವರು ತಮ್ಮ ಪ್ರಯೋಗಗಳನ್ನು ಹೆಸರು ವಿಳಾಸಗಳೊಡನೆ, ಸೋಲುಗಳನ್ನೂ ಬಿಡದೆ ಬರೆದರು. ಇಂತಹ ಬರಹಗಾರರು ಇರುವ ಜಿಲ್ಲೆಯಲ್ಲಿ ದಿನಪತ್ರಿಕೆಗಳು ರಾಜಕೀಯಕ್ಕೆ, ಅಪರಾಧಕ್ಕೆ, ಕ್ರಿಕೆಟಿಗೆ ಪ್ರತ್ಯೇಕ ಬಾತ್ಮೀದಾರರನ್ನು ಇಟ್ಟುಕೊಂಡು ಕೃಷಿಗೆ ಮಾತ್ರ ಬಿಡುವಾದವನನ್ನು ಅಟ್ಟುವುದೇಕೆ? ತಾಲೂಕಿಗೊಬ್ಬ, ಚಾಲಿಯ ದರ್ಜೆಗಳನ್ನು ಬಲ್ಲ, ತುಳು ಬಲ್ಲ ಕೃಷಿ ಬಾತ್ಮೀದಾರನಿರಲಿ. ಹಾನಿಯ ಸಮೀಕ್ಷೆಗೆ ಹೊರಟ ತಹಸೀಲ್ದಾರರು ಒಂದು ವರ್ಷದ ತರುವಾಯ ಅದೇ ತೋಟಕ್ಕೆ ಇನ್ನೊಮ್ಮೆ ಹೋಗಲಿ. ಆ ಎರಡನೆಯ ಭೇಟಿಯ ವರದಿಯನ್ನು ಪತ್ರಿಕೆಗಳು ಪ್ರಕಟಿಸಲಿ. ಮಳೆಗಾಲದಲ್ಲಿ ಔಷಧ ಸಿಂಪಡಿಸಲು ಏರಿದವನು ಜಾರುವ ಮರದಿಂದ ಬಿದ್ದು ಸತ್ತಾಗ, ಒಳಪುಟದ ನಾಲ್ಕು ಸಾಲುಗಳಲ್ಲಿ ‘ಕೂಲಿ ಕಾರ್ಮಿಕನ ಸಾವು’ ಎಂದು ಮುಗಿಸುವ ಪದ್ಧತಿಯು ನಿಲ್ಲಲಿ. ಅವನ ಕಸಬನ್ನು ಹೆಸರಿಸಿ, ಅವನಿಗೆ ವಿಮೆಯಿತ್ತೆ, ಇಲ್ಲದಿದ್ದರೆ ಮಾಡಿಸಬೇಕಾದ ಹೊಣೆ ಯಾರದು, ಅವನ ಹೆಂಡತಿಮಕ್ಕಳ ಅರ್ಜಿಯು ಯಾವ ಕಚೇರಿಯ ಯಾವ ಮೇಜಿನ ಮೇಲಿದೆ ಎಂಬುದನ್ನು ಅದೇ ವಾರ್ತೆಯಲ್ಲಿ ಕೇಳಬೇಕು.